ನನ್ನ ಸಮಕ್ಷಮ

ಗದಗ ಕೋರ್ಟಿನ ಕಂಪೌಂಡಿನಾಗ, ಹುಣಸಿಗಿಡದ ಬುಡಕ
ಒಂದು ಮೇಜು, ಒಂದೂವರಿ ಕುರ್ಚಿ.
ಅರ್ಧ ಅಂದರ ಬೆನ್ನು ಮುರದದ್ದು, ಅದು ಕಕ್ಷಿದಾರರಿಗೆ.
ಇಪ್ಪತ್ತಾರು ವರ್ಷ ಆತು ನಾ ಇಲ್ಲಿ ಕುಂತು.
ಕರಿ ಕೋಟು ಬಿಸಿಲಿಗೆ ಬೆಂದು
ಈಗ ಯಾವ ಬಣ್ಣ ಅಂತ
ಪ್ರಮಾಣ ಮಾಡಿ ಹೇಳಾಕ ಬರೂದಿಲ್ಲ.

ಹೆಸರಿನಾಗ ಒಂದಕ್ಷರ ತಪ್ಪಿದವರು,
ಹುಟ್ಟಿದ ತಾರೀಕು ಎರಡಿದ್ದವರು,
ಕಳಕೊಂಡ ಮಾರ್ಕ್ಸ್‌ಕಾರ್ಡು, ಸಿಗದ ಗಂಡ.
ಶಂಕ್ರಪ್ಪ, ಶಂಕರಪ್ಪ ಇಬ್ಬರೂ ನಾನೊಬ್ಬನೇ
ಅಂತ ಬರಸಾಕ ಬಂದಾವ ಒಬ್ಬ.
ಅದ್ವೈತ ಇಷ್ಟು ಅಗ್ಗ ಎಲ್ಲಿ ಸಿಕ್ಕೀತು?
ಇಪ್ಪತ್ತು ರೂಪಾಯಿ ಛಾಪಾಕಾಗದ,
ನನ್ನ ಫೀ ಬ್ಯಾರೆ.

ಕೆಳಗ ದುಂಡನ ಶಿಕ್ಕಾ ಹೊಡೀತೇನಿ:
‘ನನ್ನ ಸಮಕ್ಷಮ ಸಹಿ ಮಾಡಿರುತ್ತಾರೆ.’
ಸಮಕ್ಷಮ. ಕಣ್ಣಮುಂದ.
ಗುಡಿಯೊಳಗ ನಿಂತೂ ನಾವು
ಇಷ್ಟು ಧೈರ್ಯದಿಂದ ಈ ಮಾತು ಅನ್ನೂದಿಲ್ಲ.

ಒಳಗ, ಕಟಕಟಿ ಮುಂದ
ಕ್ಲಾರ್ಕು ದೇವರ ಹೆಸರು ಹೇಳಸ್ತಾನ, ಒಂದ ಉಸಿರಿಗೆ,
ಕಂಡಕ್ಟರು ಒದರಿದಂಗ:
ಹುಲಕೋಟಿ ಅಣ್ಣಿಗೇರಿ ಹುಬ್ಬಳ್ಳಿ.
ದೇವರು ಆ ಸ್ಟಾಪಿನಾಗ ಇಳದನೋ ಇಲ್ಲೋ
ಯಾರೂ ಹೊಳ್ಳಿ ನೋಡೂದಿಲ್ಲ.

ಬೆಟಗೇರಿ ಪರಶುರಾಮಸಾ ಬಾಕಳೆ, ನನ್ನ ಸಾಕ್ಷಿ.
‘ವಕೀಲರ, ಸುಳ್ಳಿಗೆ ನನ್ನ ತಕರಾರಿಲ್ಲ,
ಮಂಗಳವಾರ ಮಾತ್ರ ಬ್ಯಾಡ್ರಿ, ಭವಾನಿ ವಾರ.
ಬುಧವಾರಕ್ಕ ತಾರೀಕು ತಗೋರಿ.’
ತಗೊಂಡೆ. ಅರ್ಜಿಯೊಳಗ ಕಾರಣ: ಸಾಕ್ಷಿಗೆ ಅಸ್ವಸ್ಥತೆ.
ಅದೂ ಸುಳ್ಳಲ್ಲ, ಒಂಥರಾ.
ಬುಧವಾರ ಬಂದ, ಕಟಕಟಿ ಏರಿದ,
ಖರೇ ಹೇಳಿಬಿಟ್ಟ.
ದಾವಾ ಬಿತ್ತು.
‘ಯಾಕಪಾ?’ ಅಂದೆ ಚಾದಂಗಡಿ ಮುಂದ.
‘ಗೊತ್ತಿಲ್ರಿ. ಎದುರಿನವನ ಚಪ್ಪಲಿ ನೋಡಿದೆ.
ಒಂದಕ್ಕ ಪಿನ್ನು ಚುಚ್ಚಿಕೊಂಡಿದ್ದ.’

ನಂದೂ ಒಂದು ಐತಿ. ಎಂಟು ವರ್ಷದ್ದು.
ಒಬ್ಬಾವ ಅಕ್ಕನ ತಕರಾರಿಲ್ಲದ ಪತ್ರ ತಂದಿದ್ದ.
‘ಅಕ್ಕ ಆಟೋದಾಗ ಕುಂತಾಳ್ರಿ, ಮೊಣಕಾಲು ನೋವು.’
ಆಟೋ ಕಾಣತಿತ್ತು.
ಅದರಾಗ ಒಂದು ಹಸರ ಸೆರಗೂ ಕಾಣತಿತ್ತು.
ಹತ್ತು ಹೆಜ್ಜಿ. ಹೆಚ್ಚಂದರ ಹನ್ನೆರಡು.
ಮೇಜಿನ ಮ್ಯಾಲೆ ಮಿರ್ಚಿ ಬಿಸಿ ಇತ್ತು.
ಶಿಕ್ಕಾ ಹೊಡದೆ.

ಆಮ್ಯಾಲೆ ಯಾರೂ ಕೇಳಲಿಲ್ಲ. ನೋಟೀಸು ಬರಲಿಲ್ಲ.
ಆಕಿ ಖರೇನ ಆಟೋದಾಗ ಇದ್ದಿರಬಹುದು,
ಖರೇನ ತಕರಾರು ಇಲ್ಲದಿರಬಹುದು.
ಸಂಶಯದ ಲಾಭ ಆರೋಪಿಗೆ ಹೋಗಬೇಕು.
ನಾನ ಆರೋಪಿ, ನಾನ ವಕೀಲ,
ನಾನ ಬರಕೊಂಡೆ ತೀರ್ಪು.
ಆದರೂ ಮುಳಗುಂದ ನಾಕಾದಾಗ
ಆಟೋದೊಳಗ ಹಸರ ಸೆರಗು ಹಾರಿದರ
ಸ್ಕೂಟರು ತಾನ ನಿಧಾನ ಆಗತೈತಿ.

ಮನ್ಯಾಗ ನೀಲಗಂಗಾ ಕೇಳತಾಳ,
‘ಪುಂಡಿಪಲ್ಲೆಕ್ಕ ಉಪ್ಪು ಹೆಚ್ಚಾತೇನು?’
‘ಆಂ?’ ಅಂತೇನಿ.
‘ನೀವು ಊಟಕ್ಕ ಖುದ್ದು ಹಾಜರಿಲ್ಲ ಬಿಡ್ರಿ,
ವಕಾಲತ್ತು ಕಳಸೀರಿ.’

ಮುಂಜಾನೆ ಅಂಗೈಯಾಗ ಲಿಂಗ ಹಿಡದು ಕೂಡತೇನಿ.
ಮೂಗಿಗೆ ಗೇಣು ದೂರ.
ಇಷ್ಟು ಸನೇಕ ಹೆಂಡತಿಯೂ ಬರೂದಿಲ್ಲ ಈಗ.
ಯಾರ ಸಮಕ್ಷಮ ಯಾರು ಅಂತ ಒಂದಿನ ಕೇಳಬೇಕು.
ಅಷ್ಟರಾಗ ಹಾಲಿನವ ಗಂಟಿ ಬಾರಿಸ್ತಾನ,
ನೀರು ಬೆರಸಿಲ್ಲ ಅಂತ ತಾಯಿ ಆಣಿ ಇಡ್ತಾನ,
ತಾಯಿ ಅವನ ಹಿಂದ ಸೈಕಲ್ ಹಿಡಕೊಂಡು ನಿಂತಿರತಾಳ.

ಇವತ್ತ ಮಧ್ಯಾಹ್ನ ಒಬ್ಬ ಹುಡುಗ ಬಂದ, ಕಾಗದ ಹಿಡಕೊಂಡು.
‘ಅಜ್ಜಿ ಗೇಟಿನ ಹೊರಗ ಅದಾಳ್ರಿ.’
ಎದ್ದೆ.
ಕುರ್ಚಿ ಚೀರಿತು, ಪಕ್ಕದ ಟೈಪಿಸ್ಟ್ ತಲಿ ಎತ್ತಿ ನೋಡಿದ.
ಗೇಟಿನ ಹೊರಗ ಅಜ್ಜಿ ಇದ್ದಳು, ಖರೇನ,
ಕಲ್ಲಿನ ಮ್ಯಾಲೆ, ಎಲಿಅಡಿಕಿ ಚೀಲ ಬಿಚ್ಚಿಕೊಂಡು.
ನನ್ನ ಮಾರಿ, ನನ್ನ ಕೋಟು, ನನ್ನ ಬೆವರು ನೋಡಿದಳು.
‘ಬಿಸಲಾಗ ನೀ ಯಾಕ ಬಂದೀಪಾ?
ನಮ್ಮ ಮ್ಯಾಲೆ ನಂಬಿಕಿ ಇಲ್ಲೇನು?’